ಗೆರೆ ಎಳೆಯುವಾಗ ನಾವೆಲ್ಲಿದ್ದೆವು?

ಕೊಪ್ಪದ ಸೇತುವೆಯ ಈ ಬದಿ ಮೈಸೂರು ಜಿಲ್ಲೆ, ಆ ಬದಿ ಕೊಡಗು. ನಡುವೆ ಕಾವೇರಿ. ಮಗುವಿಗೆ ಜ್ವರ ಬಂದರೆ, ಮದುವೆಗೆ ಬಟ್ಟೆ ಬೇಕಾದರೆ ನಾವು ಓಡುವುದು ಆ ಬದಿಯ ಕುಶಾಲನಗರಕ್ಕೆ. ಪಹಣಿ, ಪಡಿತರ ಚೀಟಿ, ಮತದಾರರ ಪಟ್ಟಿ ಎಂದರೆ ಈ ಬದಿಯ ಪಿರಿಯಾಪಟ್ಟಣಕ್ಕೆ. ನದಿ ಎಳೆದ ಗೆರೆಯನ್ನು ದಿನಕ್ಕೆ ಹತ್ತು ಸಲ ದಾಟುವ ನಮಗೆ, ಕಾಗದದ ಮೇಲೆ ಎಳೆದ ಗೆರೆಯೊಂದು ಮೊದಲ ಬಾರಿಗೆ ಕಣ್ಣಿಗೆ ಬಿದ್ದದ್ದು 2008ರ ಮೇ 25ರಂದು.

ಅಂದು ವಿಧಾನಸಭಾ ಚುನಾವಣೆಯ ಎಣಿಕೆ. ಪಿರಿಯಾಪಟ್ಟಣದಲ್ಲಿ ಕಾಂಗ್ರೆಸ್ಸಿನ ಕೆ. ವೆಂಕಟೇಶ್, ಹುಣಸೂರಿನಲ್ಲಿ ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್, ಹೆಗ್ಗಡದೇವನಕೋಟೆಯಲ್ಲಿ ಕಾಂಗ್ರೆಸ್ಸಿನ ಚಿಕ್ಕಣ್ಣ, ಕೃಷ್ಣರಾಜನಗರದಲ್ಲಿ ಜೆಡಿಎಸ್‌ನ ಸಾ.ರಾ. ಮಹೇಶ್ ಗೆದ್ದರು. ನಾಲ್ಕು ತಾಲೂಕುಗಳಲ್ಲಿ ಒಂದೂ ಬಿಜೆಪಿಗೆ ಹೋಗಲಿಲ್ಲ. ಸೇತುವೆಯ ಆ ಬದಿ, ಕೊಡಗಿನ ಎರಡೂ ಸ್ಥಾನ ಬಿಜೆಪಿಗೆ. ಸಂಜೆಯ ಹೊತ್ತಿಗೆ ರಾಜ್ಯದ ಚಿತ್ರ ಸ್ಪಷ್ಟವಾಗಿತ್ತು: ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28, ಪಕ್ಷೇತರರು 6. ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ಬಿಜೆಪಿ ತನ್ನದೇ ಸರಕಾರ ರಚಿಸಲು ಹೊರಟಿತ್ತು. ಚಹಾದಂಗಡಿಯಲ್ಲಿ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಅಲ್ಲ ಸಾಬ್ರೇ, ನಾವ್ ಹಾಕಿದ್ದೂ ಕೈಗೆ, ಗೆದ್ದಿದ್ದೂ ಕೈಯೇ. ಸರ್ಕಾರ ಮಾತ್ರ ಕಮಲದ್ದು. ಇದ್ಯಾವ ಲೆಕ್ಕ?"

ನಮ್ಮಲ್ಲೊಬ್ಬರು ಥಟ್ಟನೆ ಉತ್ತರಿಸಿದರು: "ಗೆರೆ ಎಳೆದು ಸೋಲಿಸಿದ್ರು, ಗೌಡ್ರೇ."

ಅಂದಿನಿಂದ ಈ ಮಾತು ನಮ್ಮ ಜನರ ನಡುವೆ ಗಾದೆಯಂತೆ ಓಡಾಡುತ್ತಿದೆ. ನಿಕಾಹ್‌ನ ಊಟದ ಸಾಲಿನಲ್ಲಿ, ಅಂಜುಮನ್‌ನ ಸಭೆಯಲ್ಲಿ, ಓದಿದವರ ಬರಹಗಳಲ್ಲಿ ಕೂಡ ಅದೇ ಮಾತು. ಹೇಳುವವರಿಗೂ ಸಮಾಧಾನ, ಕೇಳುವವರಿಗೂ ಸಮಾಧಾನ. ಆದರೆ ಈ ಮಾತು ಅರ್ಧ ಸತ್ಯ. ಮತ್ತೊಂದು ಕ್ಷೇತ್ರ ಪುನರ್ವಿಂಗಡಣೆಯ ಮಾತು ಬಾಗಿಲಿಗೆ ಬಂದಿರುವ ಈ ದಿನಗಳಲ್ಲಿ ಆ ಅರ್ಧ ಸತ್ಯ ನಮ್ಮನ್ನು ಇನ್ನೊಮ್ಮೆ ಮಲಗಿಸಿಬಿಡುವ ಅಪಾಯವಿದೆ. ಆದ್ದರಿಂದ ಈ ಲೆಕ್ಕವನ್ನು ಬಿಡಿಸಿ ನೋಡಲೇಬೇಕು.

ಗೆರೆ ಮಾಡಿದ್ದೇನು?

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2002ರಲ್ಲಿ ರಚನೆಯಾಯಿತು. ಅದು 2001ರ ಜನಗಣತಿಯನ್ನು ಆಧರಿಸಿ ದೇಶದ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಬರೆಯಿತು. 2008ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಹೊಸ ನಕಾಶೆಯ ಮೇಲೆ ಮತ ಹಾಕಿದ ಮೊದಲ ರಾಜ್ಯ ನಮ್ಮದೇ. 1978ರಿಂದ 2004ರವರೆಗಿನ ಎಲ್ಲ ಚುನಾವಣೆಗಳು ನಡೆದದ್ದು 1971ರ ಜನಗಣತಿಯ ಲೆಕ್ಕದ ಮೇಲೆ. ಮೂವತ್ತು ವರ್ಷಗಳಲ್ಲಿ ಬೆಂಗಳೂರು ಎಲ್ಲಿಂದ ಎಲ್ಲಿಗೋ ಬೆಳೆದಿತ್ತು. ಸ್ಥಾನಗಳು ಮಾತ್ರ ಇದ್ದಲ್ಲೇ ಇದ್ದವು. ಒಟ್ಟು 224 ಎಂಬ ಸಂಖ್ಯೆಯನ್ನು ಬದಲಿಸುವಂತಿರಲಿಲ್ಲ. 2001ರಲ್ಲಿ ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷ. ಭಾಗಿಸಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2 ಲಕ್ಷ 36 ಸಾವಿರ. ಒಂದು ಕಡೆ ಸ್ಥಾನ ಹೆಚ್ಚಬೇಕಾದರೆ ಇನ್ನೊಂದು ಕಡೆ ಇಳಿಯಲೇಬೇಕು.

ಇಳಿಯಿತು. ಬೆಂಗಳೂರು 16ರಿಂದ 28ಕ್ಕೆ ಏರಿತು. ಕೊಡಗು 3ರಿಂದ 2ಕ್ಕೆ ಇಳಿಯಿತು. ಸೇತುವೆಯ ಆಚೆಯ ಕುಶಾಲನಗರ ಇದ್ದ ಸೋಮವಾರಪೇಟೆ ಕ್ಷೇತ್ರವೇ ಇಲ್ಲವಾಗಿ ಊರು ಮಡಿಕೇರಿ ಕ್ಷೇತ್ರಕ್ಕೆ ಸೇರಿತು. ನಮ್ಮ ಜಿಲ್ಲೆಯಲ್ಲಿ ಬನ್ನೂರು ಅಳಿದು ವರುಣಾ ಹುಟ್ಟಿತು. ಕರಾವಳಿಯಲ್ಲಿ ವಿಟ್ಲ ಹೋಯಿತು. ಚಾಮರಾಜನಗರದ ಸಂತೇಮರಹಳ್ಳಿ ಹೋಯಿತು. 2004ರಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದ ಕ್ಷೇತ್ರ ಅದು. ಒಂದು ಮತದ ಬೆಲೆಯೇನೆಂದು ದೇಶಕ್ಕೆ ತೋರಿಸಿದ ಕ್ಷೇತ್ರ ನಾಲ್ಕೇ ವರ್ಷಗಳಲ್ಲಿ ನಕಾಶೆಯಿಂದ ಮಾಯವಾಯಿತು.

ಇದರಿಂದ ಬಿಜೆಪಿಗೆ ಲಾಭವಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬೆಂಗಳೂರಿನ 28ರಲ್ಲಿ 17 ಸ್ಥಾನಗಳನ್ನು ಅದು ಗೆದ್ದಿತು. ಸರಳ ಬಹುಮತಕ್ಕೆ ಮೂರೇ ಸ್ಥಾನ ಕಡಿಮೆ ಬಿದ್ದ ಪಕ್ಷಕ್ಕೆ ಹನ್ನೆರಡು ಹೊಸ ನಗರ ಕ್ಷೇತ್ರಗಳೆಂದರೆ ಸಣ್ಣ ಮಾತಲ್ಲ.

ಆದರೆ ಆ ಹನ್ನೆರಡು ಕ್ಷೇತ್ರಗಳು ಆಕಾಶದಿಂದ ಬಿದ್ದವಲ್ಲ. ಅವುಗಳಲ್ಲಿ ನಮ್ಮ ಹುಡುಗರ ತಲೆಗಳೂ ಸೇರಿವೆ. ಪಿರಿಯಾಪಟ್ಟಣ, ಹುಣಸೂರಿನ ಓಣಿಗಳಿಂದ ಗ್ಯಾರೇಜಿಗೆ, ಬೇಕರಿಗೆ, ಗಾರ್ಮೆಂಟ್ಸಿಗೆ ಹೋದವರು ಬೆಂಗಳೂರಿನಲ್ಲಿ ಎಣಿಕೆಯಾದರು. ಅವರ ಬೆನ್ನ ಮೇಲೆ ಅಲ್ಲಿ ಕ್ಷೇತ್ರಗಳು ಹೆಚ್ಚಿದವು. ಅವರ ಹೆಸರು ಮಾತ್ರ ಊರಿನ ಮತಪಟ್ಟಿಯಲ್ಲೇ ಉಳಿಯಿತು. ಮತದಾನದ ದಿನ ಮಾಲೀಕ ರಜೆ ಕೊಡಲಿಲ್ಲ, ಬಸ್ಸಿಗೆ ಕಾಸಿರಲಿಲ್ಲ. ಅಲ್ಲಿ ತಲೆ ಇತ್ತು, ಮತವಿರಲಿಲ್ಲ. ಇಲ್ಲಿ ಮತವಿತ್ತು, ತಲೆಯಿರಲಿಲ್ಲ. ಇದನ್ನು ಯಾವ ಆಯೋಗದ ಪಿತೂರಿ ಎನ್ನೋಣ?

ಗೆರೆ ಮಾಡದ್ದೇನು?

ಈಗ ಇನ್ನೊಂದು ಅರ್ಧ. 2008ರಲ್ಲಿ ಕಾಂಗ್ರೆಸ್ ಪಡೆದದ್ದು ಸುಮಾರು ಶೇ. 35 ಮತ, ಬಿಜೆಪಿ ಪಡೆದದ್ದು ಶೇ. 34ಕ್ಕೂ ತುಸು ಕಡಿಮೆ. ಹೆಚ್ಚು ಮತ ಪಡೆದವರು 80ಕ್ಕೆ ನಿಂತರು, ಕಡಿಮೆ ಪಡೆದವರು 110ಕ್ಕೆ ಏರಿದರು. ಗೆರೆಯೇ ಕಾರಣ ಎನ್ನುವವರು ಮೊದಲು ಎತ್ತಿಹಿಡಿಯುವ ಲೆಕ್ಕ ಇದು. ಆದರೆ 2004ರಲ್ಲಿ, ಹಳೆಯ ಗೆರೆಯ ಮೇಲೆ ಏನಾಗಿತ್ತು? ಕಾಂಗ್ರೆಸ್ಸಿಗೆ ಶೇ. 35 ಮತ, 65 ಸ್ಥಾನ. ಬಿಜೆಪಿಗೆ ಶೇ. 28 ಮತ, 79 ಸ್ಥಾನ! ಹೊಸ ಗೆರೆ ಹುಟ್ಟುವ ಮೊದಲೇ ಈ ವಿಚಿತ್ರ ಇನ್ನೂ ದೊಡ್ಡದಾಗಿ ನಡೆದುಹೋಗಿತ್ತು. ಎಲ್ಲ ಕಡೆ ತೆಳ್ಳಗೆ ಹರಡಿದ ಮತಕ್ಕೂ ಕೆಲವೆಡೆ ಗಟ್ಟಿಯಾಗಿ ನಿಂತ ಮತಕ್ಕೂ ಇರುವ ವ್ಯತ್ಯಾಸ ಅದು. ಎದುರಾಳಿಗಳು ತಮ್ಮೊಳಗೇ ಮತ ಹಂಚಿಕೊಂಡಾಗ ಗಟ್ಟಿಯಾಗಿ ನಿಂತವನು ಗೆಲ್ಲುತ್ತಾನೆ. 2008ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ಬಿದ್ದ ಮತ ಕೂಡಿಸಿದರೆ ಶೇ. 53 ದಾಟುತ್ತದೆ. ಅವನ್ನು ಬೇರೆ ಮಾಡಿದ್ದು ಕುಲದೀಪ್ ಸಿಂಗರ ಪೆನ್ಸಿಲ್ಲೇ?

ಅದಕ್ಕೂ ಹಿಂದಿನ ಎರಡು ವರ್ಷ ನೆನಪಿಸಿಕೊಳ್ಳಿ. 2006ರ ಫೆಬ್ರವರಿಯಲ್ಲಿ ಬಿಜೆಪಿಯನ್ನು ಕೈಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತಿಸಿದವರು 'ಜಾತ್ಯತೀತ' ಎಂಬ ಪದವನ್ನು ಪಕ್ಷದ ಹೆಸರಿನಲ್ಲೇ ಇಟ್ಟುಕೊಂಡವರು. ಇಪ್ಪತ್ತು ತಿಂಗಳು ನಿಮಗೆ, ಇಪ್ಪತ್ತು ತಿಂಗಳು ನಮಗೆ ಎಂಬ ಒಪ್ಪಂದ ಮಾಡಿಕೊಂಡು, ತಮ್ಮ ಸರದಿ ಮುಗಿದಾಗ ಕುರ್ಚಿ ಬಿಡಲಿಲ್ಲ. 2007ರ ನವೆಂಬರಿನಲ್ಲಿ ಯಡಿಯೂರಪ್ಪನವರ ಸರಕಾರ ಒಂದೇ ವಾರಕ್ಕೆ ಬಿತ್ತು. ಅವರು ಊರೂರು ತಿರುಗಿ 'ಮಾತು ಕೊಟ್ಟು ಮೋಸ ಮಾಡಿದರು' ಎಂದಾಗ, ಆಡಿದ ಮಾತಿಗೆ ಬೆಲೆ ಕೊಡುವ ನಾಡಿನ ಜನ ಕಿವಿಗೊಟ್ಟರು. ಆ ಕಣ್ಣೀರನ್ನು ಅವರಿಗೆ ಒದಗಿಸಿಕೊಟ್ಟವರು ನಾವು 'ನಮ್ಮವರು' ಎಂದು ನಂಬಿದ್ದ ನಾಯಕರೇ. ಸರಕಾರ ಬಂದ ಮೇಲೆ ಪಕ್ಷೇತರರನ್ನು ಮಂತ್ರಿಗಳನ್ನಾಗಿ ಮಾಡಿ, ವಿರೋಧ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ, ಅದೇ ವರ್ಷದ ಡಿಸೆಂಬರಿನ ಉಪಚುನಾವಣೆಗಳಲ್ಲಿ ಬಹುಮತ ಗಟ್ಟಿ ಮಾಡಿಕೊಂಡದ್ದಕ್ಕೆ 'ಆಪರೇಷನ್ ಕಮಲ' ಎಂಬ ಹೆಸರು ಬಿತ್ತು. ಶಾಸಕ ತನ್ನನ್ನು ತಾನೇ ಮಾರಿಕೊಂಡರೆ ಅದಕ್ಕೆ ಗಡಿರೇಖೆ ಏನು ಮಾಡೀತು?

ಇನ್ನು ಮುಂದಿನ ಕತೆ. ಅದೇ ಗೆರೆ, ಅದೇ 224. 2013ರಲ್ಲಿ ಕಾಂಗ್ರೆಸ್ 122. 2018ರಲ್ಲಿ ಬಿಜೆಪಿ 104. 2023ರಲ್ಲಿ ಕಾಂಗ್ರೆಸ್ 135, ಬಿಜೆಪಿ 66. 2008ರಲ್ಲಿ ಬಿಜೆಪಿಗೆ ಹೋಗಿದ್ದ ಕೊಡಗಿನ ಎರಡೂ ಸ್ಥಾನ 2023ರಲ್ಲಿ ಕಾಂಗ್ರೆಸ್ಸಿಗೆ ಬಂದವು. ಗೆರೆಯೇ ಹಣೆಬರಹವಾಗಿದ್ದರೆ ಇದು ಸಾಧ್ಯವಿತ್ತೆ?

ನಮ್ಮ ಪ್ರಾತಿನಿಧ್ಯದ ಲೆಕ್ಕವನ್ನೂ ನೋಡೋಣ. 1978ರಲ್ಲಿ ವಿಧಾನಸಭೆಗೆ ಗೆದ್ದುಬಂದ ಮುಸ್ಲಿಮರು 16. ಐದೇ ವರ್ಷಗಳ ನಂತರ, 1983ರಲ್ಲಿ, 2. ನಡುವೆ ಒಂದು ಅಂಗುಲ ಗೆರೆಯೂ ಬದಲಾಗಿರಲಿಲ್ಲ. ಬದಲಾದದ್ದು ರಾಜಕಾರಣ. 1978ರ ಗೆಲುವಿನ ಹಿಂದೆ ಇದ್ದವರು ನಮ್ಮ ಹುಣಸೂರಿನ ದೇವರಾಜ ಅರಸು. ಯಾವ ಕ್ಷೇತ್ರದಲ್ಲೂ ಒಂಟಿಯಾಗಿ ಗೆಲ್ಲಲಾಗದ ಸಣ್ಣ ಸಣ್ಣ ಸಮುದಾಯಗಳನ್ನು ಅವರು ಒಂದು ಹಗ್ಗಕ್ಕೆ ಹೊಸೆದರು. ಸ್ವತಃ ಅವರದ್ದೂ ಅಂಥದೊಂದು ಸಣ್ಣ ಸಮುದಾಯವೇ. ನಮ್ಮ ತಲೆ ಎಲ್ಲಿ ಎಷ್ಟಿದೆ ಎಂದು ಎಣಿಸುತ್ತ ಕೂರುವವರಿಗೆ ನಮ್ಮ ನೆರೆಯ ತಾಲೂಕೇ ಬಿಟ್ಟುಹೋದ ಪಾಠ ಇದು. 2011ರ ಜನಗಣತಿಯಂತೆ ರಾಜ್ಯದಲ್ಲಿ ನಾವು ಸುಮಾರು ಶೇ. 13. 2018ರಲ್ಲಿ ಗೆದ್ದವರು 7, 2023ರಲ್ಲಿ 9. ಈ ಕೊರತೆಗೆ ಗೆರೆಯೂ ಒಂದು ಕಾರಣವಿರಬಹುದು. ಆದರೆ ಟಿಕೆಟ್ ಹಂಚುವ ಕೋಣೆಯಲ್ಲಿ ನಮ್ಮನ್ನು 'ಮತ' ಎಂದು ಕರೆದು 'ಅಭ್ಯರ್ಥಿ' ಎಂದು ಕರೆಯದ ಪಕ್ಷಗಳ ಪಾಲು ಅದಕ್ಕಿಂತ ದೊಡ್ಡದು.

ಮೀಸಲು ಕ್ಷೇತ್ರಗಳ ಮಾತು

ನಮ್ಮ ನಡುವೆ ಪಿಸುಗುಡುವ ಇನ್ನೊಂದು ದೂರಿದೆ: 'ಮೀಸಲಾತಿ ಮಾಡಿ ನಮ್ಮ ಕ್ಷೇತ್ರ ಕಿತ್ತುಕೊಂಡರು'. ಇದನ್ನು ಎಚ್ಚರದಿಂದ ಬಿಡಿಸಬೇಕು.

2008ರಲ್ಲಿ ಪರಿಶಿಷ್ಟ ಜಾತಿಯ ಸ್ಥಾನಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ್ದು 2ರಿಂದ 15ಕ್ಕೆ ಏರಿದವು. ನಮ್ಮ ಹೆಗ್ಗಡದೇವನಕೋಟೆ ಪಂಗಡಕ್ಕೆ ಮೀಸಲಾಯಿತು. ಇಡೀ ರಾಜ್ಯದಲ್ಲಿ ಪಂಗಡಗಳಿಗೆ ಎರಡೇ ಸ್ಥಾನವಿದ್ದ ಕಾಲವನ್ನು ಯೋಚಿಸಿ. ದಶಕಗಳ ಬಾಕಿ ಸಂದಾಯವಾಯಿತಷ್ಟೆ. ಅವರ ಪಾಲು ಅವರಿಗೆ ಬಂದದ್ದಕ್ಕೆ ನಾವು ಹೊಟ್ಟೆ ಉರಿದುಕೊಂಡರೆ, ನಮ್ಮ ಪಾಲನ್ನು ಕೇಳುವ ನೈತಿಕ ಹಕ್ಕು ನಮಗೆ ಉಳಿಯುವುದಿಲ್ಲ.

ಆದರೆ ಪ್ರಶ್ನೆಯೊಂದು ಉಳಿದೇ ಇದೆ. ಪಂಗಡದ ಸ್ಥಾನಗಳನ್ನು ಅವರ ಪ್ರಮಾಣ ಅತಿ ಹೆಚ್ಚು ಇರುವಲ್ಲೇ ಇಡಬೇಕೆಂದು ಕಾನೂನು ಹೇಳುತ್ತದೆ. ಪರಿಶಿಷ್ಟ ಜಾತಿಯ ಸ್ಥಾನಗಳನ್ನಾದರೋ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿ, ಸಾಧ್ಯವಾದ ಮಟ್ಟಿಗೆ ಪ್ರಮಾಣ ಹೆಚ್ಚಿರುವಲ್ಲಿ ಇಡಬೇಕೆನ್ನುತ್ತದೆ. ಆ 'ಸಾಧ್ಯವಾದ ಮಟ್ಟಿಗೆ' ಎಂಬಲ್ಲಿ ಅಧಿಕಾರಿಯ ಕೈ ಆಡುತ್ತದೆ. ಉತ್ತರಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಮುಸ್ಲಿಮರು ಹೆಚ್ಚಿರುವ ಕ್ಷೇತ್ರಗಳು ಮೀಸಲಾಗಿ, ದಲಿತರು ಹೆಚ್ಚಿರುವ ಕ್ಷೇತ್ರಗಳು ಸಾಮಾನ್ಯವಾಗಿ ಉಳಿದ ಉದಾಹರಣೆಗಳನ್ನು 2006ರ ಸಾಚಾರ್ ಸಮಿತಿ ವರದಿ ಎತ್ತಿ ತೋರಿಸಿತು. ನಮ್ಮಲ್ಲೂ 2008ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರಿನ ಪುಲಕೇಶಿನಗರದಲ್ಲಿ ಮುಸ್ಲಿಮ್ ಮತದಾರರು ಬಹಳ; ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಇಂಥ ಕಡೆ ನಷ್ಟ ನಮಗೊಬ್ಬರಿಗೇ ಅಲ್ಲ. ತಮ್ಮ ಜನ ಹೆಚ್ಚಿರುವಲ್ಲಿ ಮೀಸಲು ಸಿಗದ ದಲಿತರಿಗೂ ನಷ್ಟವೇ. ಹಾಗಾಗಿ ಈ ಪ್ರಶ್ನೆಯನ್ನು ದಲಿತ ಸಂಘಟನೆಗಳೊಂದಿಗೆ ಕೂತು ಕೇಳಬೇಕು. ಅವರ ವಿರುದ್ಧ ನಿಂತು ಕೇಳಿದರೆ ಇಬ್ಬರೂ ಕೆಡುತ್ತೇವೆ.

ನಾವೆಲ್ಲಿದ್ದೆವು?

ಈ ಪ್ರಶ್ನೆ ಕೇಳಲು ಒಂದು ಜಾಗವಿತ್ತು, ಒಂದು ಹೊತ್ತಿತ್ತು. ಆಯೋಗ ತನ್ನ ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ದಿನ ಗೊತ್ತು ಮಾಡಬೇಕು, ಸಾರ್ವಜನಿಕ ಸಭೆ ನಡೆಸಿ ಅಹವಾಲು ಕೇಳಬೇಕು. ಇದು ಕಾನೂನು. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿರುತ್ತಾರೆ. ಅವರಿಗೆ ಮತ ಹಾಕುವ ಹಕ್ಕಿಲ್ಲದಿದ್ದರೂ ಭಿನ್ನಾಭಿಪ್ರಾಯ ದಾಖಲಿಸುವ ಅವಕಾಶವಿದೆ. ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸದಂತೆ ಸಂವಿಧಾನದ 329ನೇ ವಿಧಿ ತಡೆದಿದೆ. ಅಂದರೆ ಬಾಯಿ ಬಿಡುವುದಿದ್ದರೆ ಕರಡಿನ ಹೊತ್ತಿನಲ್ಲೇ ಬಿಡಬೇಕು. ಆಮೇಲಿನದು ಸತ್ತ ಮೇಲಿನ ಗೋಳು.

ನಮ್ಮ ಕಡೆಯ ಮಟ್ಟಿಗೆ ಹೇಳುವುದಾದರೆ, ಆ ಕಾಲದಲ್ಲಿ ನಾವು ಬಲ್ಲ ಒಂದು ಜಮಾಅತ್ತಿನಲ್ಲಿ ಎರಡು ಗುಂಪುಗಳು ಮಿನಾರ್ ಎಷ್ಟಡಿ ಎತ್ತರವಿರಬೇಕೆಂದು ಜಗಳವಾಡಿ ಪೊಲೀಸ್ ಠಾಣೆ ಹತ್ತಿದ್ದವು. ಕರಡು ನಕಾಶೆ ಎಂಬುದೊಂದು ಇದೆಯೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಉರ್ದುವಿನಲ್ಲೂ ಕನ್ನಡದಲ್ಲೂ ಅಕ್ಷರ ಕಲಿತವರು, ಪತ್ರಿಕೆ ಓದುವವರು, ಕತೆ ಬರೆಯುವವರು ನಾವು. ನಮ್ಮೂರಿನ ಗಡಿಯ ಕತೆಯನ್ನು ಬೇರೆಯವರು ಬರೆಯುತ್ತಿದ್ದಾಗ ಅದರ ಕರಡನ್ನು ಓದುವ ಗೋಜಿಗೇ ಹೋಗಲಿಲ್ಲ. ಮುಗಿದ ಮೇಲೆ ಮಾತ್ರ 'ಗೆರೆ ಎಳೆದು ಸೋಲಿಸಿದರು' ಎಂದು ಷೇರು ಕಟ್ಟಿದಂತೆ ಹೇಳುತ್ತ ತಿರುಗಿದೆವು. ಬೇರೆಯವರ ಕಡೆ ಬೆರಳು ತೋರುವ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳಲೇಬೇಕು.

ಮುಂದಿನ ಗೆರೆ

ಸಂವಿಧಾನದ 84ನೇ ತಿದ್ದುಪಡಿ 2001ರಲ್ಲಿ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯವರೆಗಿನದು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಯನ್ನು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಅಧಿಸೂಚಿಸಿತು. ದಕ್ಷಿಣದ ರಾಜ್ಯಗಳು ಲೋಕಸಭೆಯಲ್ಲಿ ತಮ್ಮ ತೂಕ ಇಳಿದೀತೆಂದು ಆತಂಕದಲ್ಲಿವೆ. ಕನ್ನಡಿಗರಾಗಿ ಆ ಆತಂಕ ನಮ್ಮದೂ ಹೌದು. ಅದರ ಜೊತೆಗೆ ರಾಜ್ಯದೊಳಗೆ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡುವ ಕಣ್ಣು ಬೇಕು.

ಗೆರೆ ನಿರುಪದ್ರವಿ ಎಂದು ನಾವು ಹೇಳುತ್ತಿಲ್ಲ. 2022ರ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ಹೊಸ ನಕಾಶೆ ಬಂದಾಗ ಹೆಚ್ಚಿದ ಏಳು ಸ್ಥಾನಗಳಲ್ಲಿ ಆರು ಜಮ್ಮುವಿಗೆ, ಒಂದು ಕಾಶ್ಮೀರ ಕಣಿವೆಗೆ ಹೋಯಿತು. 2011ರ ಜನಗಣತಿಯಲ್ಲಿ ಜನಸಂಖ್ಯೆ ಹೆಚ್ಚಿದ್ದದ್ದು ಕಣಿವೆಯಲ್ಲಿ. 2023ರ ಆಗಸ್ಟಿನಲ್ಲಿ ಅಸ್ಸಾಮಿನ ನಕಾಶೆ ಬದಲಾದದ್ದು 2001ರ ಹಳೆಯ ಜನಗಣತಿಯ ಮೇಲೆ. ಮುಸ್ಲಿಮರು ನಿರ್ಣಾಯಕವಾಗಿದ್ದ ಸ್ಥಾನಗಳು ಕಡಿಮೆಯಾದವೆಂದು ವಿರೋಧ ಪಕ್ಷಗಳು ಕೂಗಿದವು. ಇವನ್ನು ಕಂಡೂ ಮಲಗಿದ್ದರೆ ದೋಷ ಯಾರದು?

ಮೊದಲ ಕೆಲಸ ಎಣಿಕೆಯಾಗುವುದು. ಗೆರೆ ಎಳೆಯುವುದು ಮತದಾರರ ಪಟ್ಟಿ ನೋಡಿ ಅಲ್ಲ, ಜನಸಂಖ್ಯೆ ನೋಡಿ. ಹಸುಗೂಸೂ ಒಂದು ತಲೆಯೇ. ಇದಕ್ಕೆ ಸಾಕ್ಷಿ ಕೊಪ್ಪದ ಮಗ್ಗುಲಲ್ಲೇ ಇದೆ. ಬೈಲುಕುಪ್ಪೆಯ ಟಿಬೆಟನ್ನರು ಇಲ್ಲಿ ನೆಲೆಸಿದ್ದು 1960ರ ದಶಕದ ಆರಂಭದಲ್ಲಿ. ಭಾರತದಲ್ಲಿ 1950ರಿಂದ 1987ರ ನಡುವೆ ಹುಟ್ಟಿದವರು ಪ್ರಜೆಗಳೇ ಎಂದು ಕರ್ನಾಟಕ ಹೈಕೋರ್ಟ್ ಹೇಳಿದ್ದು 2013ರಲ್ಲಿ. ಅಂಥವರನ್ನು ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಸೂಚಿಸಿದ್ದು 2014ರಲ್ಲಿ. ಆದರೆ ಗಣತಿದಾರ ಅದಕ್ಕೂ ಮೊದಲೇ ಅವರ ಮನೆಬಾಗಿಲಿಗೆ ಹೋಗುತ್ತಿದ್ದ. ಮತವಿಲ್ಲದವರ ತಲೆಯೂ ಪಿರಿಯಾಪಟ್ಟಣ ಕ್ಷೇತ್ರಕ್ಕೆ ತೂಕ ಕೊಟ್ಟಿತು. ಮತವಿರುವ ನಾವು ಬಾಗಿಲು ಹಾಕಿಕೊಂಡರೆ?

ಬಾಗಿಲು ಹಾಕುವ ಯೋಚನೆ ನಮ್ಮಲ್ಲಿದೆ ಎಂಬುದನ್ನು ಮುಚ್ಚಿಡುವುದು ಬೇಡ. 2019-20ರ ಪೌರತ್ವದ ಗದ್ದಲದ ನಂತರ ಕೈಯಲ್ಲಿ ಕಾಗದ ಹಿಡಿದು ಬರುವ ಯಾರನ್ನು ಕಂಡರೂ ನಮ್ಮ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತದೆ. ಆ ಭಯಕ್ಕೆ ಕಾರಣವಿಲ್ಲವೆಂದು ಹೇಳುವವರು ನಾವಲ್ಲ. ಆದರೆ ಜನಸಂಖ್ಯಾ ನೋಂದಣಿ ಬೇರೆ, ಜನಗಣತಿ ಬೇರೆ. ಮೊದಲನೆಯದು 2003ರ ಪೌರತ್ವ ನಿಯಮಗಳ ಕೂಸು. ಎರಡನೆಯದು 1948ರ ಜನಗಣತಿ ಕಾಯ್ದೆಯದು. ಆ ಕಾಯ್ದೆಯ ಪ್ರಕಾರ ಗಣತಿಯಲ್ಲಿ ಕೊಟ್ಟ ವೈಯಕ್ತಿಕ ಮಾಹಿತಿ ಗೋಪ್ಯ. ಈ ವ್ಯತ್ಯಾಸವನ್ನು ಜುಮಾ ಖುತ್ಬಾದ ನಂತರ ಐದು ನಿಮಿಷ ನಿಂತು ಹೇಳುವವರು ಪ್ರತಿ ಮಸೀದಿಗೂ ಬೇಕು. ಹೆದರಿ ಅಡಗಿದರೆ ಭಯ ಹುಟ್ಟಿಸಿದವನಿಗೆ ಎರಡು ಸಲ ಗೆಲುವು.

ಎರಡನೆಯದು, ದುಡಿಯುವ ಊರಿನಲ್ಲೇ ಮತ ಇರಲಿ. ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದವನ ಹೆಸರು ಕೊಪ್ಪದ ಪಟ್ಟಿಯಲ್ಲಿ ಕೊಳೆಯುವುದು ಯಾರಿಗೂ ಉಪಯೋಗವಿಲ್ಲ. ಮೂರನೆಯದು, ಕರಡು ಬಂದ ದಿನವೇ ಅದನ್ನು ಓದಬೇಕು. ತಾಲೂಕಿಗೊಬ್ಬ ವಕೀಲ, ಒಬ್ಬ ಮೇಷ್ಟ್ರು, ಕಂಪ್ಯೂಟರ್ ಬಲ್ಲ ಒಬ್ಬ ಹುಡುಗಿ ಸಾಕು; ಹೋಬಳಿ, ಗ್ರಾಮ ಪಂಚಾಯ್ತಿಗಳ ಜನಸಂಖ್ಯೆ ಸರಕಾರವೇ ಪ್ರಕಟಿಸುತ್ತದೆ. ಅರ್ಜಿಯಲ್ಲಿ ನಮ್ಮ ಸಹಿಯೊಂದೇ ಇರಬಾರದು. ಗೌಡರ ಸಹಿ, ನಾಯಕರ ಸಹಿ, ಹೊಲೆಯ-ಮಾದಿಗರ ಸಹಿ, ಹಾಡಿಯ ಜೇನುಕುರುಬರ ಸಹಿಯೂ ಇರಬೇಕು. ಒಂದೇ ಸಂತೆಗೆ ಹೋಗುವವರನ್ನು, ಒಂದೇ ಕೆರೆಯ ನೀರು ಬಳಸುವವರನ್ನು ಎರಡು ಕ್ಷೇತ್ರಕ್ಕೆ ಸೀಳಬೇಡಿ ಎಂದು ಕೇಳುವುದು ಯಾವ ಮತದ ಮಾತೂ ಅಲ್ಲ, ಊರಿನ ಮಾತು.

ಆ ಮೇ ಸಂಜೆ ಗೌಡರು ಕೇಳಿದ 'ಇದ್ಯಾವ ಲೆಕ್ಕ?' ಎಂಬ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಸೋಮಾರಿಯ ಉತ್ತರವಾಗಿತ್ತು. ಅವರು ನಮ್ಮ ಜೊತೆ ಕೂತು ಲೆಕ್ಕ ಮಾಡಲು ತಯಾರಿದ್ದರು; ನಾವು ಪಿತೂರಿಯ ಕತೆ ಹೇಳಿ ಚಹಾ ಕುಡಿದು ಎದ್ದೆವು. ಮುಂದಿನ ಕರಡು ಬಂದಾಗ ಅದೇ ಅಂಗಡಿಯ ಬೆಂಚಿನ ಮೇಲೆ ನಕಾಶೆ ಹರಡಿ ಅವರನ್ನೇ ಮೊದಲು ಕರೆಯಬೇಕು.